ವಾಯುಪುತ್ರ ಶೈಲಿ

ಖರ್ಚಿಲ್ಲದ ಹವ್ಯಾಸ ಎಂದು ಯಾರಾದರೂ ಹೇಳಿಕೊಂಡರೆ, ಆ ಖರ್ಚು ಯಾರ ಪಾಲಿಗೆ ಬಿದ್ದಿದೆ ಎಂದು ಒಳಗೆ ಹೋಗಿ ಅವರ ಹೆಂಡತಿಯನ್ನು ಕೇಳಬೇಕು. ವಿರೂಪಾಪುರಗಡ್ಡೆಯಲ್ಲಿ ನಮ್ಮ ಪಕ್ಕದ ಮನೆಯ ಸಾಹೇಬರು ಬೋನ್ಸಾಯ್ ಹಿಡಿದ ಮೇಲೆ ನನಗೆ ಬಂದ ಬುದ್ಧಿ ಇದು.

ಸಾಹೇಬರು ನೀರಾವರಿ ಕಚೇರಿಯವರು. ಕಾಲುವೆಯ ಕೊನೆಭಾಗದ ರೈತರಿಗೆ ‘ನಾಳೆ ಬರ್ತೈತಿ’ ಎಂದು ಹೇಳುತ್ತ ಹೇಳುತ್ತಲೇ 60 ತುಂಬಿಸಿ, ಶಾಲು, ಹಾರ, ಗೋಡೆ ಗಡಿಯಾರದ ಸಮೇತ ಗಡ್ಡೆಯ ಹಿರಿಯರ ಮನೆಗೆ ಮರಳಿದರು. ಮೊದಲ ತಿಂಗಳು ಗಡಿಯಾರ ನೋಡಿದರು. ಎರಡನೇ ತಿಂಗಳು ಅಡುಗೆಮನೆಗೆ ಬಂದು ಒಗ್ಗರಣೆಗೆ ಎಣ್ಣೆ ಎಷ್ಟು ಬೀಳುತ್ತದೆಂದು ತಪಾಸಣೆ ಶುರುಮಾಡಿದರು. ಅವರ ಹೆಂಡತಿ, ನಮ್ಮ ಅಕ್ಕಾರು, ಗಾಬರಿಯಾಗಿ, ‘ಏನರೆ ಒಂದು ಹಚ್ಕೊಳ್ರಿ, ಆದರ ಹೊರಗ ಹಚ್ಕೊಳ್ರಿ’ ಎಂದರಂತೆ.

ಬೋನ್ಸಾಯ್ ಮಾಡಲು ನರ್ಸರಿಯಲ್ಲಿ ದುಡ್ಡು ಕೊಟ್ಟು ಗಿಡ ತರುವವರು ದಡ್ಡರು ಎಂಬುದು ಸಾಹೇಬರ ಮತ. ಇದೊಂದರಲ್ಲಿ ನಾನೂ ಅವರ ಪಕ್ಷ. ಆನೆಗೊಂದಿಯಿಂದ ಸಾಣಾಪುರದವರೆಗೆ ನಮ್ಮಲ್ಲಿ ಬಂಡೆಯ ಮೇಲೆ ಬಂಡೆ, ಸಂದಿಗೊಂದು ಅರಳಿ, ಬಸರಿ, ಗೋಣಿ. ಹಕ್ಕಿ ಹಣ್ಣು ತಿಂದು ಉದುರಿಸಿದ ಬೀಜ ಹಿಡಿ ಮಣ್ಣೂ ಇಲ್ಲದ ಕಡೆ ಮೊಳೆಯುತ್ತದೆ. ಬೇರಿಗೆ ಜಾಗ ಸಾಲದ್ದಕ್ಕೆ ವರ್ಷಗಟ್ಟಲೆ ಬದುಕಿದರೂ ಮೊಳಕಾಲೆತ್ತರ ದಾಟುವುದಿಲ್ಲ; ಕಾಂಡ ಮಾತ್ರ ಮುದುಕರ ಬೆರಳಿನ ಹಾಗೆ ಗಂಟುಗಂಟು. ಜಪಾನಿನವರು ಬೇರು ಕತ್ತರಿಸಿ, ತಟ್ಟೆಯಲ್ಲಿ ಕೂರಿಸಿ, ತಲೆಮಾರುಗಟ್ಟಲೆ ಕಾದು ಸಾಧಿಸಿದ್ದನ್ನು ಇಲ್ಲಿ ಬಂಡೆಯೇ ಪುಕ್ಕಟೆ ಮಾಡಿಟ್ಟಿದೆ. ಹೊಳೆಯಾಚೆಯ ಹಂಪಿಯ ಗೋಪುರಗಳಿಗೆ ಜನ ಕೈಮುಗಿದರೆ, ಸಾಹೇಬರು ಕೈಮುಗಿಯುವುದು ಕಲ್ಲುಸಂದಿಯ ಅರಳಿ ಚಿಗುರಿಗೆ. ಅದನ್ನು ಮುಟ್ಟುವ ಹಾಗಿಲ್ಲ, ಪುರಾತತ್ವ ಇಲಾಖೆಯ ಸೊತ್ತು. ಹಾಗಾಗಿ ಅವರ ಕಣ್ಣು ನೆರೆಹೊರೆಯ ಗೋಡೆಗಳ ಮೇಲೆ ಬಿತ್ತು.

ನಮ್ಮ ಹಿತ್ತಲ ಗೋಡೆಯಲ್ಲೂ ಒಂದು ಅರಳಿ ಇತ್ತು. ‘ಸಾಹೇಬ್ರ, ಗ್ವಾಡಿ ಬಿರುಕು ಬಿಡಾಕತ್ತೈತಿ, ಕಿತ್ಕೊಂಡು ಹೋಗ್ರಿ’ ಎಂದೆ. ಟೇಪು ಹಿಡಿದು ಬಂದರು, ಬುಡ ಅಳೆದರು.

‘ಇನ್ನೆರಡು ಮಳಿಗಾಲ ಇರ್ಲಿ ತಮ್ಮಾ, ಕಾಂಡ ದಪ್ಪ ಆಗ್ಬೇಕು.’

‘ಮತ್ತ ಗ್ವಾಡಿ?’

‘ಗ್ವಾಡಿ ಯಾವಾಗ ಬೇಕಾದ್ರೂ ಕಟ್ಟಬಹುದು. ಇಂಥ ಬುಡ ಸಿಗೂದಿಲ್ಲ.’

ಈ ಮಾತನ್ನು ಗಡ್ಡೆಯಲ್ಲಿ ನಿಂತು ಆಡಲು ಗುಂಡಿಗೆ ಬೇಕು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, ಮಾರ್ಚಿನಲ್ಲಿ ಇಲ್ಲಿಯ ರೆಸಾರ್ಟುಗಳನ್ನು ಜೆಸಿಬಿಗಳು ನೆಲಸಮ ಮಾಡಿದಂದಿನಿಂದ, ಹಂಪಿ ಪ್ರಾಧಿಕಾರವನ್ನು ನೆನೆಯದೆ ಇಟ್ಟಿಗೆಯ ಮೇಲೆ ಇಟ್ಟಿಗೆ ಇಡಲು ಇಲ್ಲಿ ಯಾರಿಗೂ ಕೈ ಬರುವುದಿಲ್ಲ. ಇಟ್ಟಿಗೆಯನ್ನು ಕುಟ್ಟಿ ಚೂರು ಮಾಡುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ. ಸಾಹೇಬರು ಅದನ್ನೇ ಮಾಡಿದರು. ಇಟ್ಟಿಗೆ ಚೂರು, ಉಸುಕು, ತಿಪ್ಪೆಗೊಬ್ಬರ, ಗಂಗಾವತಿಯ ರೈಸ್‌ಮಿಲ್ಲಿನಿಂದ ಭತ್ತದ ಹೊಟ್ಟಿನ ಬೂದಿ: ನೀರು ನಿಲ್ಲದೆ ಬಸಿದುಹೋಗುವ ಮಣ್ಣು ತಯಾರು. ಸೋಸಲು ಅಕ್ಕಾರ ಸಾಣಿಗೆ. ಕೊಂಬೆ ಬಗ್ಗಿಸಲು ಪಂಪ್‌ಸೆಟ್ ರಿಪೇರಿಯವನ ಸುಟ್ಟ ವೈಂಡಿಂಗಿನ ತಾಮ್ರದ ತಂತಿ. ಆಳವಿಲ್ಲದ ಅಗಲ ಕುಂಡವೊಂದು ಬೇಕಲ್ಲ? ರೊಟ್ಟಿಹಿಟ್ಟು ನಾದುವ ಪರಾತದ ತಳಕ್ಕೆ ಮೂರು ತೂತು ಹೊಡೆದರು. ಅವತ್ತು ಮನೆಯಲ್ಲಿ ಅನ್ನವಷ್ಟೇ. ಡೈರಿಯ ಖರ್ಚಿನ ಕಾಲಮ್ಮಿನಲ್ಲಿ ಸೊನ್ನೆ ಬರೆದು ಕೆಳಗೆ ಸಹಿ ಹಾಕಿದರು.

ಬೀಗರು ಬಂದವರು, ಮನೆಯಲ್ಲಿ ಗಿಡ ಕುಳ್ಳು ಮಾಡಿದರೆ ಮನೆತನದ ಏಳಿಗೆಯೂ ಕುಳ್ಳಾಗುತ್ತದೆ, ವಾಸ್ತು ಪ್ರಕಾರ ತಪ್ಪು ಎಂದರು. ಸಾಹೇಬರು ಕನ್ನಡಕ ತೆಗೆದರು. ‘ನನ್ನ ಪ್ರಮೋಷನ್ ಒಂಬತ್ತು ವರ್ಷ ತಡದಾಗ ಮನ್ಯಾಗ ಯಾವ ಬೋನ್ಸಾಯ್ ಇತ್ರಿ?’ ಬೀಗರು ಚಹಾ ಕುಡಿದು ಎದ್ದರು.

ಸಮಸ್ಯೆ ಬಂದದ್ದು ನೀರಿನದು. ಏಪ್ರಿಲ್‌ನಲ್ಲಿ ನಮ್ಮ ಬಿಸಿಲು 40 ಡಿಗ್ರಿ ಮುಟ್ಟಿದಾಗ ಎರಡು ಬೆರಳು ಆಳದ ಮಣ್ಣು ಸಂಜೆಯವರೆಗೂ ತಡೆಯುವುದಿಲ್ಲ. ದಿನಕ್ಕೆ ಎರಡು ಹೊತ್ತು ನೀರು ಬೇಕು. ಸಾಹೇಬರಿಗೆ ಗೊತ್ತಿದ್ದದ್ದು ಕಾಲುವೆಯ ಆನ್ ಅಂಡ್ ಆಫ್ ಪದ್ಧತಿ. ಅದನ್ನೇ ಕಟ್ಟೆಯ ಮೇಲಿನ ಕುಂಡಗಳಿಗೂ ಜಾರಿಗೆ ತಂದರು. ನಲ್ಲಿಯ ಹತ್ತಿರದವು ತಂಪಾಗಿದ್ದವು. ಸಾಲಿನ ತುದಿಯ ಎರಡು ಬಸರಿ ಒಣಗಿದವು. ‘ಕೊನೆಭಾಗದವು ಯಾವಾಗ್ಲೂ ಹಿಂಗ ತಕರಾರು ಮಾಡ್ತಾವ’ ಎಂದು ಗೊಣಗಿದ್ದನ್ನು ಹರಿಗೋಲಿನ ಹುಡುಗ ಕೇಳಿಸಿಕೊಂಡು ಸಾಣಾಪುರದ ತನಕ ಹಂಚಿಬಂದ.

ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೊರಟಾಗ ನೀರುಗಂಟಿಯಾಗಿ ನನ್ನ ನೇಮಕವಾಯಿತು. ಸಂಬಳವಿಲ್ಲ, ವೇಳಾಪಟ್ಟಿ ಇತ್ತು, ಸಹಿಗೆ ಬೇರೆ ಕಾಲಮ್ಮು. ಬರುವಾಗ ಮೈಸೂರಿಗೂ ಹೋಗಿ, ಗಣಪತಿ ಸಚ್ಚಿದಾನಂದ ಆಶ್ರಮದ ಬೋನ್ಸಾಯ್ ತೋಟ ನೋಡಿಬಂದರು. ಆ ತೋಟದ ಹೆಸರು ‘ಕಿಷ್ಕಿಂಧಾ ಮೂಲಿಕಾ’. ಬಸ್ ಚಾರ್ಜು ತೀರ್ಥಯಾತ್ರೆಯ ಖಾತೆಗೆ ಹೋದ್ದರಿಂದ ಬೋನ್ಸಾಯ್ ಖರ್ಚು ಸೊನ್ನೆಯಾಗೇ ಉಳಿಯಿತು. ‘ಅಲ್ಲಿ ಹೆಸರಷ್ಟ ಕಿಷ್ಕಿಂಧಾ, ಗಿಡ ಸುರಕ್ಷಿತ. ಇಲ್ಲಿ ಖರೇ ಕಿಷ್ಕಿಂಧಾನೇ ಐತಲ್ಲೋ ತಮ್ಮಾ’ ಎಂದು ಮುಖ ಸಣ್ಣ ಮಾಡಿದರು. ಕಾರಣವಿತ್ತು. ಅವರಿಲ್ಲದಾಗ, ನಾನು ಸಹಿ ಹಾಕಿ ಆಚೆ ಹೋದ ಹೊತ್ತಿನಲ್ಲಿ, ಅಂಜನಾದ್ರಿಯ ಕಡೆಯ ಮಂಗವೊಂದು ಬಂದು ಅವರ ಅಚ್ಚುಮೆಚ್ಚಿನ ಗೋಣಿಯ ಎಡಗಡೆಯ ಕೊಂಬೆಗಳನ್ನೆಲ್ಲ ಮುರಿದು, ಎಲೆ ತಿಂದು ಹೋಗಿತ್ತು.

ಎರಡು ದಿನ ಸಾಹೇಬರು ಊಟ ಬಿಟ್ಟರು. ಮೂರನೇ ದಿನ ಪುಸ್ತಕ ತೆಗೆದರು. ಬೋನ್ಸಾಯ್‌ನಲ್ಲಿ ನೆಟ್ಟಗಿನದು, ವಾಲಿದ್ದು, ಜಲಪಾತದ ಹಾಗೆ ಇಳಿಬಿದ್ದದ್ದು ಎಂದು ಹಲವು ಶೈಲಿಗಳಿವೆ. ಬಿರುಗಾಳಿಗೆ ಕೊಂಬೆಗಳೆಲ್ಲ ಒಂದೇ ಕಡೆಗೆ ಓಡಿದಂತಿರುವುದೂ ಒಂದು. ಸಾಹೇಬರು ಗಿಡ ನೋಡಿದರು, ಚಿತ್ರ ನೋಡಿದರು, ಅಂಜನಾದ್ರಿಯ ದಿಕ್ಕಿಗೆ ತಿರುಗಿ ಕೈಮುಗಿದರು. ಈಗ ಬಂದವರಿಗೆಲ್ಲ ಮೊದಲು ತೋರಿಸುವುದು ಅದನ್ನೇ: ‘ಇದು ವಾಯುಪುತ್ರ ಶೈಲಿ. ಜಪಾನಿನ್ಯಾಗೂ ಇಲ್ಲ.’

ಮೊನ್ನೆ ಒಬ್ಬ ಹೊಸ ಪಿಂಚಣಿದಾರರು ಹೊಳೆ ದಾಟಿ ಬಂದು, ಎಷ್ಟು ಖರ್ಚು ಬರ್ತೈತ್ರಿ ಎಂದು ವಿಚಾರಿಸಿದರು. ಸಾಹೇಬರು ಡೈರಿ ತರಲು ಒಳಗೆ ಹೋದರು. ಅಕ್ಕಾರು ಅವರಿಗೆ ಚಹಾ ಕೊಟ್ಟು, ಜಾತ್ರೆಯಲ್ಲಿ ಕೊಂಡ ಹೊಸ ಸ್ಟೀಲ್ ಪರಾತವನ್ನು ಬೋರಲು ಹಾಕಿ ತೋರಿಸಿದರು. ಹೆಸರನ್ನು ಅಂಚಿಗೆ ಕೊರೆಸುವುದು ವಾಡಿಕೆ. ಇವರು ತಳದ ಉದ್ದಗಲಕ್ಕೂ ತಮ್ಮ ತಂದೆಯವರ ಹೆಸರನ್ನು ದೊಡ್ಡಕ್ಷರದಲ್ಲಿ ಕೊರೆಸಿದ್ದರು. ‘ಈಗ ಹೊಡೀಲಿ ನೋಡೋಣ ತೂತು, ಮಾವನ ಹೆಸರಿನ ಮ್ಯಾಲ.’