ಬದನೀಕಾಯಿ ಇಲ್ಲೇನಪಾ?

ಗದಗ-ಬೆಟಗೇರಿಯಲ್ಲಿ ಹೊರಗೆ ಉಣ್ಣುವ ಸಸ್ಯಾಹಾರಿ ಮೊದಲು ಕಲಿಯಬೇಕಾದ ವಿದ್ಯೆ ಬೋರ್ಡು ಓದುವುದು. ‘ಸಾವಜಿ’ ಅಂತಿದ್ದರೆ ಒಳಗೆ ಮಟನ್ ಕುದಿಯುತ್ತಿದೆ. ಮೂಗು ಅಲ್ಲೇ ನಿಂತರೂ ಕಾಲು ಮುಂದಕ್ಕೆ ನಡೆಯಬೇಕು. ‘ಲಿಂಗಾಯತ ಖಾನಾವಳಿ’ ಅಂತಿದ್ದರೆ ನಿಶ್ಚಿಂತೆಯಿಂದ ಕೈ ತೊಳೆಯಬಹುದು. ಪೊಟ್ಟಣಗಳ ಮೇಲೆ ಹಸಿರು ಚುಕ್ಕಿ ಕಡ್ಡಾಯವಾಗುವ ಮೊದಲೇ ನಮ್ಮಲ್ಲಿ ಜಾತಿಯ ಹೆಸರು ಆ ಕೆಲಸ ಮಾಡುತ್ತಿತ್ತು. ಬಸವಣ್ಣನವರು ಏನೆನ್ನುತ್ತಿದ್ದರೋ, ಹಸಿದ ಹೊಟ್ಟೆ ಆ ಚರ್ಚೆಗೆ ನಿಲ್ಲುವುದಿಲ್ಲ.

ಫಜೀತಿ ಶುರುವಾಗುವುದು ಮೂರನೆಯ ಬೋರ್ಡಿನಿಂದ: ‘ಫ್ಯಾಮಿಲಿ ರೆಸ್ಟೋರೆಂಟ್, ಎಸಿ, ವೆಜ್-ನಾನ್‌ವೆಜ್’. ಹುಟ್ಟುಹಬ್ಬಕ್ಕೆ, ಬೀಗರು ಬಂದಾಗ ಅಲ್ಲಿಗೇ ಹೋಗಬೇಕು. ಖಾನಾವಳಿಗೆ ಕರೆದೊಯ್ದರೆ ಮನೆಯ ಮರ್ಯಾದೆ ಹೋಗುತ್ತದಂತೆ. ಕತ್ತಲಲ್ಲಿ ಮೊಬೈಲ್ ದೀಪ ಹಿಡಿದು ಮೆನು ಓದಿದರೆ ಪನೀರ್ ಬಟರ್ ಮಸಾಲಾ, ಪನೀರ್ ಕಡಾಯಿ, ವೆಜ್ ಕೊಲ್ಹಾಪುರಿ, ವೆಜ್ ಹೈದರಾಬಾದಿ. ಊರು ಬೇರೆ ಬೇರೆ, ಗ್ರೇವಿ ಒಂದೇ. ಪಾಲಕ ಬಿದ್ದರೆ ಹೈದರಾಬಾದು, ಖಾರ ಬಿದ್ದರೆ ಕೊಲ್ಹಾಪುರ. ಜೊತೆಗೆ ಗೋಬಿ ಮಂಚೂರಿ. ಇದರ ಮೂಲ ಮುಂಬೈಯಲ್ಲಿ 1975ರಲ್ಲಿ ನೆಲ್ಸನ್ ವಾಂಗ್ ಕೋಳಿಯಿಂದ ಮಾಡಿದ ಖಾದ್ಯ ಎನ್ನುತ್ತಾರೆ. ಕೋಳಿಯ ಬದಲಿಗೆ ಡ್ಯೂಟಿಗೆ ಬಂದ ಹೂಕೋಸು ಇನ್ನೂ ಮನೆಗೆ ಹೋಗಿಲ್ಲ. 2024ರ ಮಾರ್ಚ್‌ನಲ್ಲಿ ಸರ್ಕಾರ ಕೃತಕ ಬಣ್ಣ ನಿಷೇಧಿಸಿದ ಮೇಲೆ ಮುಖ ಮಾತ್ರ ಬಿಳಿಚಿಕೊಂಡಿದೆ.

ಇಂಥಲ್ಲೇ ಒಮ್ಮೆ ನಮ್ಮ ಶಿರಹಟ್ಟಿ ಮಾವ ಮೆನು ಮಡಿಚಿಟ್ಟು ವೇಟರನನ್ನು ಕೇಳಿದರು, “ಬದನೀಕಾಯಿ ಇಲ್ಲೇನಪಾ?”

“ಪನೀರ್ ಹೈ, ಸರ್.”

“ರೊಟ್ಟಿ?”

“ತಂದೂರಿ. ಬಟರ್ ಯಾ ಪ್ಲೇನ್?”

ಮಾವ ಆಮೇಲೆ ಮಾತಾಡಲಿಲ್ಲ. ಮನೆಯಲ್ಲಿ ಜೋಳದ ಚೀಲ ಒಟ್ಟಿಟ್ಟು ಬಂದವರು, ಪಾಪ.

ಲಕ್ಷ್ಮೇಶ್ವರದ ಬಜಾರಿನ ಖಾನಾವಳಿಯಲ್ಲಾಗಲಿ, ಶಿರಹಟ್ಟಿಯಲ್ಲಾಗಲಿ ಮೆನುವೇ ಇಲ್ಲ. ಕೂತರೆ ಸಾಕು, ಬಿಸಿರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿಮೊಸರು, ಉಳ್ಳಾಗಡ್ಡಿ, ಹಸಿ ಮೆಂತ್ಯೆಸೊಪ್ಪು. “ಇನ್ನೊಂದ್ ರೊಟ್ಟಿ?” ಎಂಬುದು ಪ್ರಶ್ನೆಯಲ್ಲ. ಒಲ್ಲೆ ಅನ್ನುವಷ್ಟರಲ್ಲಿ ತಾಟಿನಲ್ಲಿರುತ್ತದೆ. ಇನ್ನು ಮುಂಡರಗಿ ತಾಲ್ಲೂಕಿನ ಡಂಬಳದ ತೋಂಟದಾರ್ಯ ಮಠದ ಜಾತ್ರೆ ರೊಟ್ಟಿ ಜಾತ್ರೆಯೆಂದೇ ಹೆಸರುವಾಸಿ. ಖಡಕ್ ರೊಟ್ಟಿಗೆ ಕರಿಂಡಿ ಹಚ್ಚಿಕೊಂಡು ಎಲ್ಲ ಜಾತಿಯವರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಬಿಲ್ಲೂ ಬರುವುದಿಲ್ಲ.

ಆದ್ದರಿಂದ ಎಸಿ ಹಾಕಿಸಿದ ಮಾಲೀಕರಲ್ಲಿ ಒಂದೇ ವಿನಂತಿ: ಮೆನುವಿನ ನಾಲ್ಕು ಪನೀರ್ ಅಳಿಸಿ, ಆ ಜಾಗದಲ್ಲಿ ಎಣ್ಣೆಗಾಯಿ ಬರೆಸಿರಿ. ಅದಕ್ಕೆ ಬಟರ್ ಮಾತ್ರ ಹಾಕಬೇಡ್ರಿ.