ಫ್ಯಾನಿಗೆ ಯಜಮಾನ ಯಾರು?

ಏಪ್ರಿಲ್ ಮಧ್ಯಾಹ್ನ ತಂಬ್ರಹಳ್ಳಿಯಲ್ಲಿ ಹೋದ ಕರೆಂಟು ಬಂದರೆ ಮೊದಲು ಕೂಗುವುದು ಕಂಪ್ಯೂಟರ್. ಗುಂಡಿ ಒತ್ತಿದ್ದೇ ತಡ, ಒಳಗಿನ ಫ್ಯಾನು ಬರ್ರೆಂದು ಮೊರೆಯುತ್ತದೆ. ಪಹಣಿ ತೆಗೆಸಲು ಕೇಂದ್ರಕ್ಕೆ ಬಂದ ಹಿರಿಯರು ಹಿಂದೆ ಸರಿದು, "ತಮ್ಮಾ, ಇದೇನು ಹಾರಿ ಹೋಗ್ತೈತೇನು?" ಎನ್ನುತ್ತಾರೆ.

"ಇಲ್ಲಜ್ಜಾ, ಈಗ ಎದ್ದೈತಷ್ಟೆ."

ಪೂರ್ತಿ ಎದ್ದಿರುವುದಿಲ್ಲ ಕೂಡ. ವಿಂಡೋಸ್, ಲಿನಕ್ಸ್ ಯಾವುದೂ ಆಗ ಕಣ್ಣು ಬಿಟ್ಟಿರುವುದಿಲ್ಲ. ವೇಗ ಹೇಳುವ ಸಂಕೇತ ಬರದಿದ್ದರೆ ಪೂರ್ಣ ವೇಗದಲ್ಲಿ ತಿರುಗು ಎಂಬುದು ನಾಲ್ಕು ಪಿನ್ನಿನ ಫ್ಯಾನುಗಳ ಕಟ್ಟಳೆ. ಬೀಗರು ಎಷ್ಟು ಜನವೋ ತಿಳಿಯುವ ಮೊದಲೇ ಹಂಡೆ ತುಂಬ ಅನ್ನಕ್ಕಿಡುವ ಮದುವೆಮನೆ ಹಿರಿಯನ ಬುದ್ಧಿ ಅದು. ಆಮೇಲೆ ಮದರ್‌ಬೋರ್ಡಿನಲ್ಲೇ ಕೂತಿರುವ ಬಯಾಸ್ ಎಂಬ ತಂತ್ರಾಂಶ ಶಾಖ ನೋಡಿ, ಸೆಕೆಂಡಿಗೆ ಸುಮಾರು 25,000 ಮಿಡಿತಗಳ ಸಂಕೇತದಲ್ಲಿ "ಸಾಕು, ಮೆಲ್ಲಗೆ" ಎನ್ನುತ್ತದೆ.

ಆಪರೇಟಿಂಗ್ ಸಿಸ್ಟಂ ಬರುವುದು ಇನ್ನೂ ತಡವಾಗಿ. ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಸೇರಿ 1996ರಲ್ಲಿ ಎಸಿಪಿಐ ಎಂಬ ಕರಾರು ಮಾಡಿದವು: ಇಷ್ಟು ಡಿಗ್ರಿಗೆ ಫ್ಯಾನು ಹಾಕು, ಇಷ್ಟಕ್ಕೆ ಪ್ರೊಸೆಸರ್ ವೇಗ ತಗ್ಗಿಸು, ಮತ್ತೂ ಏರಿದರೆ ಬಂದ್ ಮಾಡು. ಆದರೆ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಫ್ಯಾನಿನ ಲಗಾಮು ಮದರ್‌ಬೋರ್ಡಿನ ಪುಟ್ಟ ಚಿಪ್ಪಿನ ಕೈಲಿ. ವಿಂಡೋಸಿನದು ಹೆಸರಿಗಷ್ಟೇ ಯಜಮಾನಿಕೆ. ಲಿನಕ್ಸ್ ಭಕ್ತರು ಫ್ಯಾನ್‌ಕಂಟ್ರೋಲ್ ಎಂಬ ತಂತ್ರಾಂಶ ಹಾಕಿಕೊಂಡು ತಾವೇ ವೇಗ ಗೊತ್ತುಮಾಡಿ ಮೀಸೆ ತಿರುವುತ್ತಾರೆ. (ಮದರ್‌ಬೋರ್ಡ್ ಒಪ್ಪಿದರೆ!)

ಯಾರೇ ಯಜಮಾನರಾಗಲಿ, ಫ್ಯಾನು ಎಳೆಯುವುದು ಕೋಣೆಯ ಗಾಳಿಯನ್ನೇ. ಕೋಣೆ 40 ಡಿಗ್ರಿ ಇದ್ದರೆ ಪ್ರೊಸೆಸರನ್ನು ಅದಕ್ಕಿಂತ ತಣ್ಣಗೆ ಮಾಡಲಾಗದು. ಅದಕ್ಕೇ ಇಲ್ಲಿ ಡಬ್ಬಿಯ ಪಕ್ಕದ ತಗಡು ಬಿಚ್ಚಿ, ಟೇಬಲ್ ಫ್ಯಾನನ್ನು ಅದರ ಮುಖಕ್ಕೇ ತಿರುಗಿಸುತ್ತಾರೆ. ಆಪರೇಟರ್ ಟವೆಲ್ಲಿನಲ್ಲಿ ಗಾಳಿ ಬೀಸಿಕೊಳ್ಳುತ್ತಾನೆ.