ಫೋರ್ಸ್ ಹಾಕ್ರಿ, ಅಕ್ಕೈತಿ!

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಧೈರ್ಯಕ್ಕೆ ಎಂದೂ ಬರ ಬಿದ್ದಿಲ್ಲ. ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಿಂದ ಇದೆ. ಸುತ್ತ ಹಾಸ್ಟೆಲು, ಬಾಡಿಗೆ ರೂಮು, ಝೆರಾಕ್ಸ್ ಅಂಗಡಿ. ಪ್ರತಿ ರೂಮಿಗೂ ಒಬ್ಬ ‘ಸಿಸ್ಟಮ್ ಬಲ್ಲವ’ ಇದ್ದೇ ಇರುತ್ತಾನೆ. ಹೊಸ ಬೈಕು ತಂದರೆ ಚಕ್ರದಡಿ ನಿಂಬೆಹಣ್ಣಿಡದೆ ಹೊರಡದ ಇವನು, ಮದರ್‌ಬೋರ್ಡಿನ ಬಯಾಸ್ ಬದಲಿಸುವಾಗ ಬೋರ್ಡಿನ ಮೂಲೆಯಲ್ಲಿ ಅಚ್ಚಾದ ರಿವಿಷನ್ ನಂಬರನ್ನೂ ನೋಡುವುದಿಲ್ಲ. ಒಂದೇ ಹೆಸರಿನ ಬೋರ್ಡಾದರೂ 1.0ಕ್ಕೆ ಒಂದು ಫೈಲು, 2.0ಕ್ಕೆ ಇನ್ನೊಂದು ಇರಬಹುದಲ್ಲ ಎಂದರೆ, “ಎಲ್ಲಾ ಒಂದರೀ, ಫೋರ್ಸ್ ಹಾಕ್ರಿ, ಅಕ್ಕೈತಿ” ಎಂಬ ಅಭಯ.

ಯಂತ್ರವನ್ನು ಎಬ್ಬಿಸುವ ಈ ಬಯಾಸ್ ಇರುವುದು ಎಂಟು ಕಾಲಿನ, ಕಡಲೆಬೇಳೆ ಗಾತ್ರದ ಚಿಪ್ಪಿನಲ್ಲಿ. ಸಾಮಾನ್ಯವಾಗಿ 8, 16 ಅಥವಾ 32 ಎಂಬಿ. ವಿಂಡೋಸ್ ಕೆಟ್ಟರೆ ಪೆನ್‌ಡ್ರೈವ್ ಹಾಕಿ ಮತ್ತೆ ಏರಿಸಬಹುದು. ಇದು ಕೆಟ್ಟರೆ ಪೆನ್‌ಡ್ರೈವ್ ಎಂಬುದೊಂದಿದೆ ಎಂದು ಯಂತ್ರಕ್ಕೆ ಹೇಳುವವರೇ ಇರುವುದಿಲ್ಲ. ತೈವಾನಿನ ವಿದ್ಯಾರ್ಥಿಯೊಬ್ಬ ಬರೆದ ಸಿಐಎಚ್ ವೈರಸ್ 1999ರ ಏಪ್ರಿಲ್ 26ರಂದು ಇದೇ ಚಿಪ್ಪಿಗೆ ಕಸ ತುಂಬಿ ದೇಶದೇಶಗಳ ಬೋರ್ಡುಗಳನ್ನು ಮಲಗಿಸಿತ್ತು. ಆಗ ಅದಕ್ಕೆ ವೈರಸ್ ಬೇಕಿತ್ತು. ಈಗ ನಮ್ಮ ಹುಡುಗರು ಸ್ವಾವಲಂಬಿಗಳು.

ಈಚಿನ ನೆಪ ವಿಂಡೋಸ್ 11. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆರೈಕೆ ಮುಗಿಯಿತು, ಹೊಸದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. ಬಹಳಷ್ಟು ಮಷಿನುಗಳಲ್ಲಿ ಅದು ಒಳಗೇ ನಿದ್ದೆ ಹೊಡೆಯುತ್ತಿರುತ್ತದೆ. ಸೆಟಪ್ಪಿಗೆ ಹೋಗಿ ಪಿಟಿಟಿ ಅಥವಾ ಎಫ್‌ಟಿಪಿಎಂ ಎಂಬ ಸಾಲನ್ನು ಎನೇಬಲ್ ಮಾಡಿದರೆ ಎದ್ದು ಕೂರುತ್ತದೆ. ಆದರೆ ಒಂದು ಸಾಲು ಎನೇಬಲ್ ಮಾಡಿದವನಿಗೆ ರೂಮಿನಲ್ಲಿ ಯಾರು ಚಹಾ ಕುಡಿಸುತ್ತಾರೆ? ಹಾಗಾಗಿ ಬಯಾಸನ್ನೇ ಬದಲಿಸುವ ನಿರ್ಧಾರವಾಗುತ್ತದೆ.

ಆಯುಧ, ಚಿಪ್ಪಿಗೆ ಬರೆಯುವ ಇಂಟೆಲ್ಲಿನ ತಂತ್ರಾಂಶ ಎಫ್‌ಪಿಟಿ. ಇಂಟೆಲ್ ಅದನ್ನು ಕೊಡುವುದು ಕಂಪ್ಯೂಟರ್ ತಯಾರಕರಿಗೆ. ಅವರ ಕಾರ್ಖಾನೆಯಲ್ಲಿ ಒಂದು ಬೋರ್ಡು ಸತ್ತರೆ ಪಕ್ಕದಲ್ಲಿ ನೂರು ಬಿದ್ದಿರುತ್ತವೆ. ರೂಮಿನಲ್ಲಿರುವುದು ಅಪ್ಪ ಕಂತಿನ ಮೇಲೆ ಕೊಡಿಸಿದ ಒಂದೇ ಲ್ಯಾಪ್‌ಟಾಪು. ಚಿಪ್ಪಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿ ಫೈಲು ಮಾಡಿಕೊಡುವ ಆಜ್ಞೆಯೂ ಎಫ್‌ಪಿಟಿಯಲ್ಲಿದೆ. ಎರಡು ಸಲ ಓದಿ, ಎರಡೂ ತಾಳೆಯಾದರೆ ಬೇರೆ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ಬಾದಾಮಿಯ ಗೆಳೆಯನ ಹತ್ತಿರ ಅದೇ ಮಾಡೆಲ್ಲಿನ ಇಡೀ 16 ಎಂಬಿ ಫೈಲು ಸಿಕ್ಕರೆ ಅದನ್ನೇ ಹೊಡೆಯುವುದು. ಸೀರಿಯಲ್ ನಂಬರು, ಕೆಲವು ಮಷಿನುಗಳಲ್ಲಿ ಲ್ಯಾನಿನ ಮ್ಯಾಕ್ ವಿಳಾಸ ಕೂಡ ಆ ಚಿಪ್ಪಿನಲ್ಲೇ ಇರುತ್ತವೆ. ಇಳಕಲ್ಲಿನ ಹುಡುಗನ ಲ್ಯಾಪ್‌ಟಾಪಿಗೆ ಬಾದಾಮಿಯ ಜಾತಕ ಬರುತ್ತದೆ. ಎರಡನ್ನೂ ಒಂದೇ ನೆಟ್‌ವರ್ಕಿಗೆ ಹಚ್ಚಿದರೆ ನಾನು ನೀನು ಎಂದು ಜಗಳಕ್ಕೆ ನಿಲ್ಲುತ್ತವೆ.

ಫ್ಲ್ಯಾಶ್‌ರಾಮ್ ಎಂಬ ಇನ್ನೊಂದು ಸಾಧನವಿದೆ, ಪುಕ್ಕಟೆ, ಮತ್ತು ಸ್ವಲ್ಪ ಮುಂಗೋಪಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಕೀಬೋರ್ಡು, ಬ್ಯಾಟರಿ ನೋಡಿಕೊಳ್ಳುವ ಕಂಟ್ರೋಲರು ಕೂಡ ಅದೇ ಚಿಪ್ಪಿನ ಮೇಲೆ ಬದುಕುತ್ತದೆ. ನಡುವೆ ಕೈ ಹಾಕಿದರೆ ಎರಡೂ ಹೋಗುತ್ತವೆ ಎಂದು ಫ್ಲ್ಯಾಶ್‌ರಾಮ್ ಲ್ಯಾಪ್‌ಟಾಪ್ ಕಂಡೊಡನೆ ಹಿಂದೆ ಸರಿಯುತ್ತಿತ್ತು. ಒತ್ತಾಯ ಮಾಡುವವರಿಗಾಗಿ ಒಂದು ಆಯ್ಕೆ ಇತ್ತು: ‘ಫೋರ್ಸ್ ಐ ವಾಂಟ್ ಎ ಬ್ರಿಕ್’. ನನಗೆ ಇಟ್ಟಿಗೆಯೇ, ಅಂದರೆ ಸತ್ತ ಬೋರ್ಡೇ, ಬೇಕು ಎಂದು ಕೈಯಾರೆ ಟೈಪ್ ಮಾಡಿದರೆ ಮಾತ್ರ ಮುಂದಿನ ಕೆಲಸ ನಡೆಯುತ್ತಿತ್ತು. ಇದು ನನ್ನ ಕುಚೋದ್ಯವಲ್ಲ, ಅದನ್ನು ಬರೆದವರೇ ಇಟ್ಟ ಹೆಸರು. ಆಲಮಟ್ಟಿ ಹಿನ್ನೀರು ಬಂದು ನವನಗರ ಕಟ್ಟಿದಾಗಲೂ ಇಲ್ಲಿ ಇಟ್ಟಿಗೆಗೆ ಇಷ್ಟು ಬೇಡಿಕೆ ಇದ್ದಿರಲಾರದು.

ಇನ್ನು ಕರೆಂಟು. ಚಿಪ್ಪಿಗೆ ಬರೆಯುವ ಆ ಎರಡು ಮೂರು ನಿಮಿಷ ಹೋಗಬಾರದು. ಮನೆಯಲ್ಲಿ ಯುಪಿಎಸ್ ಇದೆ, ಟಿವಿಗೆ.

ಕೊನೆಗೆ ಬೋರ್ಡು ರಿಪೇರಿ ಅಂಗಡಿಗೆ. ಅಲ್ಲಿಯವನು ಮೊದಲು ಚಾರ್ಜರು, ಬ್ಯಾಟರಿ ಬಿಡಿಸುತ್ತಾನೆ. ಚಿಪ್ಪಿನ ಮೇಲಿನ ನಂಬರು ಓದಿ ಅದು 1.8 ವೋಲ್ಟಿನದೋ 3.3ರದೋ ನೋಡುತ್ತಾನೆ. ಆಮೇಲೆ ಕ್ಲಿಪ್ಪಿನ ಕೆಂಪು ವೈರು ಚಿಪ್ಪಿನ ಚುಕ್ಕೆಯ ಕಡೆ ಬರುವಂತೆ ಕಚ್ಚಿಸಿ ಪ್ರೋಗ್ರಾಮರ್‌ಗೆ ಜೋಡಿಸುತ್ತಾನೆ. ಕೈ ಕೆಲಸದಲ್ಲಿ, ಕಿವಿ ಗಿರಾಕಿಯ ಮೇಲೆ.

“ನಾ ಏನೂ ಮಾಡಿಲ್ರೀ ಅಣ್ಣಾರ. ತಾನ ಆಫ್ ಆತು.”

“ಹಳೇ ಬಯಾಸ್ ತಗದಿಟ್ಟೀಯೇನ ತಮ್ಮಾ?”

“ಇಟ್ಟೇನ್ರೀ.”

“ಎಲ್ಲೈತಿ?”

“ಇದರಾಗ ಐತ್ರೀ. ಡಿ ಡ್ರೈವಿನ್ಯಾಗ.”

ಡಿಸ್ಕ್ ಬಿಚ್ಚಿ ಬೇರೆ ಮಷಿನ್ನಿಗೆ ಹಚ್ಚಿದರೆ ಬಿಟ್‌ಲಾಕರ್ ಬೀಗ. 48 ಅಂಕಿಯ ರಿಕವರಿ ಕೀ ಕೇಳಿತು.

“ಕೀ ಬರದಿಟ್ಟೀಯಿಲ್ಲೋ?”

“ಬರದಿದ್ನೆರೀ. ಚೀಟಿ ಕಳೀತೈತಂತ ಫೋಟೋ ತಗದು ಅದ ಫೋಲ್ಡರಿನ್ಯಾಗ ಹಾಕೇನ್ರೀ.”